ಸರಿ ಎಂದವರ ಹೊಣೆ

ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಿ, ಸರಿಯಿದೆ ಎಂದು ಸಹಿ ಹಾಕುತ್ತಾರೆ. ಆಮೇಲೆ ಕೆಲಸ ಕೆಟ್ಟರೆ ಹೊಣೆ ಯಾರದು? ವೈದ್ಯರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ರಕ್ತ ಕೊಡುವ ಮೊದಲು ಇಬ್ಬರು ಚೀಲದ ಚೀಟಿಯನ್ನೂ ರೋಗಿಯ ಕೈಪಟ್ಟಿಯನ್ನೂ ಓದಿ ತಾಳೆ ನೋಡುತ್ತಾರೆ. ಎರಡನೆಯವರು ಓದದೆ ಸಹಿ ಹಾಕಿದರೆ, ಇಬ್ಬರಿದ್ದೂ ಒಬ್ಬರೇ ಇದ್ದಂತೆ.

ನಮ್ಮ ಸಂಘದ ಅನೇಕ ಮನೆಗಳಲ್ಲಿ ಕಂಪ್ಯೂಟರ್ ಕೆಲಸದವರಿದ್ದಾರೆ. ಅವರಲ್ಲೂ ಇದೇ ಪದ್ಧತಿ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಏನಾದರೂ ಬದಲಾಯಿಸಿದರೆ, ಅದನ್ನು ಓದಿ ಒಪ್ಪಿದವರ ಹೆಸರೂ ದಾಖಲೆಯಲ್ಲಿ ಸೇರುವುದುಂಟು.

ಪಂಚಾಂಗದವರು ಅಧಿಕ ಮಾಸ ಸೇರಿಸಿ ಲೆಕ್ಕ ಸರಿಪಡಿಸುವಂತೆ, ಭೂಮಿಯ ತಿರುಗಾಟಕ್ಕೆ ಹೊಂದಿಸಲು 1972ರಿಂದ ಗಡಿಯಾರಗಳಿಗೂ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸಿದ್ದಾರೆ. 2012ರ ಜೂನ್ 29ರ ರಾತ್ರಿ ಬಿರುಗಾಳಿ ಬೀಸಿ, ಫೇರ್‌ಫ್ಯಾಕ್ಸ್‌ನಲ್ಲಿ ದೀಪಗಳು ಆರಿ, 911 ಕೂಡ ಕೈಕೊಟ್ಟದ್ದು ಹಲವರಿಗೆ ನೆನಪಿರಬಹುದು. ಮರುದಿನ ರಾತ್ರಿ ಇಲ್ಲಿನ ಎಂಟು ಗಂಟೆಗೆ ಅಂಥದೊಂದು ಸೆಕೆಂಡ್ ಸೇರಿತು. ಕರ್ನೆಲ್ ತನ್ನ ಗಡಿಯಾರವನ್ನು ಸರಿಪಡಿಸಿಕೊಂಡಿತು; ಆದರೆ ಅಲಾರಂ ನೋಡಿಕೊಳ್ಳುವ ತನ್ನದೇ ಇನ್ನೊಂದು ಭಾಗಕ್ಕೆ ಆ ಸುದ್ದಿ ತಿಳಿಸಲಿಲ್ಲ. ನಿದ್ರಿಸಬೇಕಾಗಿದ್ದ ಪ್ರೋಗ್ರಾಂಗಳು ಮತ್ತೆ ಮತ್ತೆ ಎಚ್ಚೆತ್ತು, ಲೋಕದ ಹಲವೆಡೆ ಕಂಪ್ಯೂಟರ್‌ಗಳು ತತ್ತರಿಸಿದವು. ಯಾರು ಬೇಕಾದರೂ ಓದಬಹುದಾದ ಪ್ರೋಗ್ರಾಂ ಅದು. ಆದರೂ ತಪ್ಪು ಉಳಿದಿತ್ತು.

ಹಾಗಾದರೆ ಓದಿದವರೆಲ್ಲ ತಪ್ಪಿತಸ್ಥರೇ? ಹಾಗೆಂದರೆ ನ್ಯಾಯವಾಗದು. ಮುಂದಾಗುವುದನ್ನೆಲ್ಲ ಬಲ್ಲವರು ಯಾರೂ ಇಲ್ಲ; ನಮ್ಮ ವೃತ್ತಿಯಲ್ಲೂ ಎಲ್ಲ ರೋಗಿಗಳೂ ಬದುಕುವುದಿಲ್ಲ. ನೋಡಿದವರು ಫಲಕ್ಕೆ ಪೂರ್ತಿ ಹೊಣೆಯಾಗಲಾರರು. ಆದರೆ ತಮ್ಮ ಗಮನಕ್ಕೆ ಅವರೇ ಹೊಣೆ. "ಈ ಬದಲಾವಣೆ ಇನ್ನು ಯಾರಿಗೆ ತಿಳಿಯಬೇಕು?" ಎಂದು ಕೇಳಿದರೇ ಎಂಬುದಕ್ಕೆ ಅವರು ಉತ್ತರ ಕೊಡಬೇಕು. ಪಾಳಿ ಬದಲಾಗುವಾಗ ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಇದೇ.

ಇಂಥ ಗಮನಕ್ಕೆ ಬಹುಮಾನವಿಲ್ಲ. ಹಳೆಯ 32 ಬಿಟ್ ಲೆಕ್ಕದಲ್ಲಿ, 1970ರಿಂದ ಎಣಿಸುತ್ತ ಬಂದ ಸೆಕೆಂಡ್‌ಗಳು 214 ಕೋಟಿ ದಾಟಿ, 2038ರ ಜನವರಿ 18ರ ರಾತ್ರಿ ನಮ್ಮೂರಿನ 10 ಗಂಟೆ 14 ನಿಮಿಷಕ್ಕೆ ಪಾತ್ರೆ ತುಂಬಿಹೋಗುತ್ತದೆ. ಕರ್ನೆಲ್‌ನವರು ವರ್ಷಗಟ್ಟಲೆ ದುಡಿದು, ಹಳೆಯ ಪ್ರೋಗ್ರಾಂಗಳಿಗಾಗಿ ಹಳೆಯ ಬಾಗಿಲನ್ನು ಉಳಿಸಿ, ಪಕ್ಕದಲ್ಲೇ ದೊಡ್ಡ ಬಾಗಿಲು ತೆರೆದರು. 2020ರ ಹೊತ್ತಿಗೆ ಆ ಕೆಲಸದ ಮುಖ್ಯ ಭಾಗ ಮುಗಿಯಿತು. ಒಂದೊಂದು ಬದಲಾವಣೆಯನ್ನೂ ಕೂತು ಓದಿದವರಿದ್ದಾರೆ. ಆ ರಾತ್ರಿ ಏನೂ ಆಗದಿದ್ದರೆ ಅವರನ್ನು ನೆನೆಯುವವರು ಯಾರು?

ನಮ್ಮ ಸಂಘದ ಲೆಕ್ಕಪತ್ರ, ಮಕ್ಕಳ ಶಾಲೆಯ ಕಾಗದ, ಸ್ನೇಹಿತರ ಶಿಫಾರಸು ಪತ್ರ, ಹೀಗೆ ಸಹಿ ಹಾಕುವ ಸಂದರ್ಭಗಳು ನಮಗೆಲ್ಲ ಬರುತ್ತವೆ. ದಾಕ್ಷಿಣ್ಯಕ್ಕೆ ಹಾಕಿದ ಸಹಿಯನ್ನು ನಂಬಿ ನಡೆಯುವವರು ನಮ್ಮ ಮುಖ ನೋಡಿರುವುದಿಲ್ಲ, ಹೆಸರನ್ನಷ್ಟೇ ನೋಡಿರುತ್ತಾರೆ. ಅವರಿಗಾಗಿಯಾದರೂ ಒಮ್ಮೆ ಪೂರ್ತಿ ಓದೋಣ.