ಮುಚ್ಚದ ನಾಳ, ಮಣ್ಣು ಹೊತ್ತ ಕತ್ತೆ

ಗರ್ಭದಲ್ಲಿರುವ ಕೂಸಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅಲ್ಲಿಗೆ ಹೋಗಬೇಕಾದ ರಕ್ತದ ಬಹುಪಾಲನ್ನು ಡಕ್ಟಸ್ ಆರ್ಟೀರಿಯೋಸಸ್ ಎಂಬ ಗಿಡ್ಡ ನಾಳ ಮಹಾಧಮನಿಗೆ ದಾಟಿಸುತ್ತದೆ. ಹುಟ್ಟಿ ಉಸಿರೆಳೆದೊಡನೆ ಆಮ್ಲಜನಕ ಏರಿ, ನಾಳವನ್ನು ತೆರೆದಿಟ್ಟಿದ್ದ ಪ್ರೋಸ್ಟಗ್ಲಾಂಡಿನ್ ಇಳಿಯುತ್ತದೆ. ತಿಂಗಳು ತುಂಬಿದ ಕೂಸಿನಲ್ಲಿ ಸಾಮಾನ್ಯವಾಗಿ 3 ದಿನದೊಳಗೆ ನಾಳ ಬಿಗಿದುಕೊಂಡು, ಕೆಲವು ವಾರಗಳಲ್ಲಿ ಬರೀ ನಾರಾಗಿ ಉಳಿಯುತ್ತದೆ. ಸುಮಾರು 2000 ಕೂಸುಗಳಲ್ಲಿ ಒಂದಕ್ಕೆ ಹಾಗಾಗುವುದಿಲ್ಲ. ತೆರೆದ ನಾಳ ದೊಡ್ಡದಾಗಿದ್ದರೆ ಹಾಲು ಕುಡಿಯುತ್ತಲೇ ಕೂಸಿನ ಹಣೆ ಬೆವರುತ್ತದೆ, ಅರ್ಧಕ್ಕೇ ಮೊಲೆ ಬಿಡುತ್ತದೆ, ತೂಕ ಏರುವುದಿಲ್ಲ.

ಯಾಕೆ ಹೀಗಾಯಿತು ಎಂದರೆ ಉಡಿಗಾಲದಂಥ ಹಳ್ಳಿಯ ಜಗಲಿಯಲ್ಲಾಗಲಿ ಮೈಸೂರಿನ ಬಡಾವಣೆಯಲ್ಲಾಗಲಿ ಸಿಗಬಹುದಾದ ಉತ್ತರಗಳು ಹೊಸವಲ್ಲ: ಬಸುರಿ ಗ್ರಹಣದಲ್ಲಿ ಹೊರಗೆ ಬಂದಳು, ಮಾದಪ್ಪನ ಹರಕೆ ಮರೆತರು, ಹಿಂದಿನ ಜನ್ಮದ ಕರ್ಮ. ವೈದ್ಯರ ಪಟ್ಟಿ ಬೇರೆ: ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದ ರುಬೆಲ್ಲಾ, ಡೌನ್ ಸಿಂಡ್ರೋಮ್, ರಕ್ತಸಂಬಂಧದ ಮದುವೆ, ಹೆರಿಗೆಯಲ್ಲಿ ಉಸಿರುಗಟ್ಟಿದ್ದು, ಸೋಂಕು, ಬಹಳ ಎತ್ತರದ ಊರು. ಗಂಡುಕೂಸಿಗಿಂತ ಹೆಣ್ಣುಕೂಸಿಗೆ ಇದು ಹೆಚ್ಚುಕಡಿಮೆ ಎರಡು ಪಟ್ಟು.

ಎರಡು ಪಟ್ಟಿಗಳನ್ನೂ ತೂಗಲು ನ್ಯಾಯದರ್ಶನದ ತಕ್ಕಡಿ ಸಾಕು. ಕಾರ್ಯಕ್ಕೆ ತಪ್ಪದೆ ಮೊದಲು ಇರಬೇಕು, ಇಲ್ಲದಿದ್ದರೆ ಕಾರ್ಯ ಆಗಬಾರದು, ಅದೇ ಕಾರಣ. ಕುಂಬಾರನ ಮನೆಗೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧ, ಅಂದರೆ ಅದಿಲ್ಲದೆಯೂ ಕಾರ್ಯ ಆಗುತ್ತದೆ. ಗ್ರಹಣವೂ ಇಂಥದೇ ಕತ್ತೆ. ವೈದ್ಯರ ಪಟ್ಟಿಯೂ ಈ ಅರ್ಥದಲ್ಲಿ ಪೂರ್ತಿ ಕಾರಣವಾಗುವುದಿಲ್ಲ. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಬಹುತೇಕರ ನಾಳ ಮುಚ್ಚಿಯೇ ಇರುತ್ತದೆ; ಪಟ್ಟಿಯ ಒಂದು ಅಂಶವೂ ಇಲ್ಲದ ಮನೆಯಲ್ಲಿ ತೆರೆದ ನಾಳದ ಕೂಸು ಹುಟ್ಟುತ್ತದೆ. ಅಪಾಯಾಂಶವೆಂದರೆ ಸಂಭವವನ್ನು ಹೆಚ್ಚಿಸುವುದು, ಅಷ್ಟೆ. ಅದನ್ನು ಯಾರದೋ ತಪ್ಪು ಎಂದು ಓದಿದರೆ ವಿಜ್ಞಾನವೂ ಸೊಸೆಯ ಮೇಲಿನ ದೂರಾಗುತ್ತದೆ.

ಕರ್ಮಸಿದ್ಧಾಂತವನ್ನು ಒಪ್ಪಿದರೂ ತಾಯಿಯನ್ನು ದೂರಲು ಬರುವುದಿಲ್ಲ. ಮಾಡಿದವರಿಗೇ ಫಲ, ಮಾಡದ ಕರ್ಮದ ಫಲ ಇನ್ನೊಬ್ಬರಿಗೆ ಬಂದರೆ ಅದು ಅಕೃತಾಭ್ಯಾಗಮ ಎಂಬ ದೋಷ, ದಾರ್ಶನಿಕರೇ ತಳ್ಳಿಹಾಕಿದ್ದು. ತಾಯಿಯ ಪಾಪ ಕೂಸಿನ ಎದೆಗೆ ಇಳಿಯಿತು ಎನ್ನುವವರು ಆ ಸಿದ್ಧಾಂತವನ್ನೇ ಮುರಿಯುತ್ತಾರೆ.

ವೈದ್ಯರ ಪಟ್ಟಿಯಲ್ಲಿ ಲಸಿಕೆಯಿಂದಲೇ ತಡೆಯಬಹುದಾದದ್ದು ರುಬೆಲ್ಲಾ. ಅದರ ವಿರುದ್ಧದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ಶುರುವಾಯಿತು. ತೆರೆದೇ ಉಳಿದ ನಾಳದ ಚಿಕಿತ್ಸೆಗೆ ಬಂದರೆ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ನಾಳ ಮುಚ್ಚಿಸುವ ಔಷಧಗಳು ತಿಂಗಳು ತುಂಬಿದವಕ್ಕೆ ಅಷ್ಟಾಗಿ ನಾಟುವುದಿಲ್ಲ. 1938ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್ ಎದೆ ತೆರೆದು ಕಟ್ಟಿದಂಥ ನಾಳವನ್ನು ಈಗ ಹೆಚ್ಚಾಗಿ ತೊಡೆಯ ರಕ್ತನಾಳದಿಂದ ತೂರಿಸಿದ ಸಣ್ಣ ಬಿರಡೆಯೊಂದು ಮುಚ್ಚುತ್ತದೆ.