ಮಿತ ವಿವಾಹವೂ ಪರಿಗ್ರಹ ಪರಿಮಾಣವೂ

ಕಲ್ಯಾಣ ಮಂಟಪದಲ್ಲಿ ಸಾವಿರ ಜನರಿಗೆ ಊಟ ಹಾಕಿಸಿದರೇ ಮದುವೆ ಎಂಬ ಭಾವನೆ ವಿಜಯಪುರದ ಶ್ರಾವಕ ಕುಟುಂಬಗಳಲ್ಲಿಯೂ ಬೇರೂರಿದೆ. ಈಗ ಕೆಲವು ಯುವಕ ಯುವತಿಯರು ಬೇರೊಂದು ಮಾತನ್ನು ಮುಂದಿಡುತ್ತಿದ್ದಾರೆ. ಟಿಕೋಟಾ ಕಡೆಯ ತೋಟದಲ್ಲಿಯೋ ಬಬಲೇಶ್ವರದ ಹೊಲದಲ್ಲಿಯೋ ನಲವತ್ತು ಜನರ ಸಮಕ್ಷಮದಲ್ಲಿ ಮದುವೆಯಾದರೆ ಸಾಲದೆ ಎಂಬುದು ಅವರ ಪ್ರಶ್ನೆ. ಹಿರಿಯರು ಇದನ್ನು ಜಿಪುಣತನವೆನ್ನುತ್ತಾರೆ, ಕಿರಿಯರು ಅಪರಿಗ್ರಹವೆನ್ನುತ್ತಾರೆ. ಅತಿಥಿಗಳನ್ನು ಎಣಿಸುವುದರಿಂದ ಈ ವಿವಾದ ತೀರುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಅದರ ಮೇಲಿನ ಮೋಹದಲ್ಲಿ ಗುರುತಿಸಿದ್ದಾರೆ. ನಲವತ್ತೇ ಜನರ ಮದುವೆಗೆ ದೂರದಿಂದ ಹೂ, ದೀಪಾಲಂಕಾರ, ಛಾಯಾಚಿತ್ರಗಾರರ ತಂಡಗಳನ್ನು ತರಿಸಿ, ಮಂಟಪದ ಮದುವೆಗಿಂತ ಹೆಚ್ಚು ಹಣ ಸುರಿಯುವುದುಂಟು. ಅಲ್ಲಿ ಆಡಂಬರ ಕುಗ್ಗಿರುವುದಿಲ್ಲ. ಪಟ್ಟಿಯಿಂದ ಬಿಟ್ಟುಹೋದವರು ಬಡ ಬಂಧುಗಳು ಮಾತ್ರ. ಇದು ಅಪರಿಗ್ರಹವಾಗಲಾರದು.

ನೇಮಿನಾಥ ತೀರ್ಥಂಕರರ ಕಥೆ ಎಲ್ಲರಿಗೂ ತಿಳಿದದ್ದೇ. ಮದುವೆಯ ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದ ಕೇಳಿ ಅವರು ದಿಬ್ಬಣದಿಂದಲೇ ಹಿಂದಿರುಗಿ ಊರ್ಜಯಂತ ಗಿರಿಯನ್ನೇರಿದರು. ಒಬ್ಬರ ಸಂತೋಷಕ್ಕೆ ನೋಯುವವರು ಯಾರೆಂದು ಕೇಳಿಕೊಳ್ಳುವುದೇ ಈ ಕಥೆ ಗೃಹಸ್ಥನಿಗೆ ಕಲಿಸುವ ಪಾಠ. ಬಯಲಿನ ಮದುವೆಗೂ ಇದು ಅನ್ವಯಿಸುತ್ತದೆ. ಮಳೆಗಾಲದ ನೆಲದಲ್ಲಿ ಜೀವರಾಶಿ ಹೆಚ್ಚು. ಬಿಳಿಜೋಳದ ಕೊಯ್ಲು ಮುಗಿದ ಹೊಲವೇ ಲೇಸು. ರಾತ್ರಿಯ ದೀಪಗಳಿಗೆ ಹುಳುಗಳು ಮುತ್ತಿ ಸಾಯುತ್ತವೆ. ಆದ್ದರಿಂದ ವಿಧಿಯನ್ನು ಬೆಳಿಗ್ಗೆ ನಡೆಸಿ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಬೇಕು. ನೀರು ಸೋಸಿದ್ದಾಗಿರಬೇಕು, ಬರ ಕಂಡ ಸೀಮೆಯಲ್ಲಿ ಅದು ಮಿತವಾಗಿಯೂ ಇರಬೇಕು. ದ್ರಾಕ್ಷಿಯ ಕೊಯ್ಲು ನಡೆದಿರುವಾಗ ತೋಟದ ಕೂಲಿಕಾರರ ದುಡಿಮೆಗೆ ಅಡ್ಡಿಯಾಗಬಾರದು.

ಯಾರಿಗೂ ತಿಳಿಸದೆ ಓಡಿಹೋಗಿ ಆಗುವ ಮದುವೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಸರಳತೆಗೆ ಗುಟ್ಟು ಬೇಕಿಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಅಲ್ಲಿ ಸರಳತೆಗೆ ಮುಂದಾದವರು ತಂದೆಯೇ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆ ಅತಿಥಿಗಳ ಸಂಖ್ಯೆಯನ್ನು ಕೇಳುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಗೆ ಮೂವತ್ತು ದಿನಗಳ ನೋಟಿಸು ಮತ್ತು ಮೂವರು ಸಾಕ್ಷಿಗಳು ಬೇಕು. ಹೀಗಿರುವಾಗ ಮಕ್ಕಳು ಮನೆಯವರಿಂದಲೇ ಅಡಗುವುದೇಕೆ? ಸುಳ್ಳು ಹೇಳಿ ಹೊರಟವರ ಸತ್ಯಾಣುವ್ರತಕ್ಕೆ ದೋಷ ತಗಲುತ್ತದೆ, ನಿಜ. ಆದರೆ ನಿಜ ಹೇಳಿದರೆ ಬಾಗಿಲು ಮುಚ್ಚುವುದೆಂಬ ಭಯವನ್ನು ಹುಟ್ಟಿಸಿದ ಹಿರಿಯರೂ ಆ ದೋಷದ ಪಾಲುದಾರರೇ. ಬೆದರಿಸಿ ಒಪ್ಪಿಸುವುದೂ ಹಿಂಸೆಯೇ.

ವ್ಯಾಪಾರಿಯು ಖರ್ಚು ಕಡಿಮೆಯಾದುದನ್ನು ಕಂಡೊಡನೆ ಲಾಭವೆಂದು ಬರೆಯುವುದಿಲ್ಲ; ಯಾರ ಬಾಕಿ ಉಳಿದಿದೆಯೆಂದು ಮೊದಲು ನೋಡುತ್ತಾನೆ. ಮಿತ ವಿವಾಹದ ಲೆಕ್ಕವೂ ಹಾಗೆಯೇ. ತಮ್ಮ ಆಸೆಯನ್ನು ಕಡಿತಗೊಳಿಸಿದ್ದರೆ ಅದು ವ್ರತ. ಇತರರಿಗೆ ಸಲ್ಲಬೇಕಾದ ಆದರವನ್ನು ಕಡಿತಗೊಳಿಸಿದ್ದರೆ ಅದು ಬಾಕಿ. ಮುಹೂರ್ತ ನೋಡುವ ಮೊದಲು ಎರಡೂ ಮನೆಯವರು ಮಕ್ಕಳೊಡನೆ ಕುಳಿತು ಈ ಲೆಕ್ಕವನ್ನು ನೋಡುವುದು ಶ್ರೇಯಸ್ಕರ.