ಆತಕೂರಿನ ಕಲ್ಲು ಕೇಳುವ ಪ್ರಶ್ನೆ

ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಚಿಂತೆ ಎಲ್ಲ ಮನೆಗಳಲ್ಲೂ ಇದೆ. ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯವರಿಗೆ ಅಂಗಡಿ ಬೀದಿಗಳ ಕೊರತೆಯಂತೂ ಇಲ್ಲ. ಆದರೆ ಓದುಗರೇ, ಒಂದು ದಿನವನ್ನು ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಬಾರದೇಕೆ? ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿಳಿದರೆ ನಡೆದೇ ಹೋಗಬಹುದು. 1865ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ದುರಸ್ತಿಗೆಂದು ಮುಚ್ಚಿರುವುದೂ ಉಂಟು, ವಿಚಾರಿಸಿಕೊಂಡೇ ಹೊರಡಿ.

ಭೂಮಿಯಲ್ಲಿ ಸಂಚರಿಸಿ, ಗತಿಸಿದವರ ಪರಿಣಾಮವನ್ನು ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಆದೇಶಿಸುತ್ತದೆ. ಹಾಗಾದರೆ ನೋಡಬೇಕಾದುದೇನು? ಅವರ ಖಡ್ಗ, ನಾಣ್ಯ, ಆಭರಣಗಳನ್ನು ಮಾತ್ರವೇ? ಅವರು ಯಾವುದಕ್ಕೆ ಬೆಲೆ ಕೊಟ್ಟರು ಎಂಬುದನ್ನೂ ನೋಡಬೇಡವೇ?

ಈ ಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲು ಈ ವಿಷಯದಲ್ಲಿ ನಮಗೆ ಪಾಠವಾಗಬಲ್ಲದು. ಅದು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಹಳಗನ್ನಡ ಶಾಸನ. ಕಾಲ ಕ್ರಿ.ಶ. 949-50. ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಬೂತುಗನ ಕಡೆ ವೀರಾವೇಶದಿಂದ ಕಾದಿದವನು ಮಣಲೇರ. ದೊರೆ ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ಕಾಳಿ ಬೆಳತೂರಿನ ಪಡುವಣ ದಿಬ್ಬದಲ್ಲಿ ದೊಡ್ಡ ಹಂದಿಯೊಡನೆ ಸೆಣಸಿತು. ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಆ ಕಲ್ಲಿನ ಮೇಲಿದೆ.

ಒಂದು ನಾಯಿಗೆ ಇಷ್ಟೊಂದು ಗೌರವವೇ ಎಂದು ಕೆಲವರು ನಗಬಹುದು. ಕಲ್ಲಿಗೆ ಪೂಜೆ ಸಲ್ಲಿಸುವುದು ನಮ್ಮ ದಾರಿಯಲ್ಲ, ನಿಜ. ನಾಯಿಯ ವಿಷಯದಲ್ಲಿ ಶುದ್ಧಿಯ ನಿಯಮಗಳೂ ನಮಗಿವೆ. ಆದರೆ ಶುದ್ಧಿಯ ನಿಯಮ ಬೇರೆ, ತಾತ್ಸಾರ ಬೇರೆ. ಗುಹಾವಾಸಿಗಳ ಜೊತೆ ಹೊಸ್ತಿಲಲ್ಲಿ ಕಾಲುಚಾಚಿ ಮಲಗಿದ್ದ ನಾಯಿಯನ್ನು ಕುರ್‌ಆನ್ ಮರೆಯದೆ ಸ್ಮರಿಸಿದೆ. ಪಳಗಿಸಿದ ಬೇಟೆಪ್ರಾಣಿ ಹಿಡಿದು ತಂದುದನ್ನು ತಿನ್ನಲು ಅನುಮತಿಸಿದೆ. ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಮತ್ತೆ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿ ತಂದ ಒಬ್ಬ ವ್ಯಕ್ತಿಯನ್ನು ಅಲ್ಲಾಹನು ಕ್ಷಮಿಸಿದ ವೃತ್ತಾಂತವನ್ನು ಪ್ರವಾದಿ(ಸ) ತಿಳಿಸಿದ್ದಾರೆ. ಮೂಕಪ್ರಾಣಿಗಳ ವಿಷಯದಲ್ಲೂ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಇದೆಯೆಂದರು.

ಕಲ್ಲು ನೆಟ್ಟದ್ದು ಕಾಳಿ ಸತ್ತ ಮೇಲೆ. ಸತ್ತವರನ್ನು ಹೊಗಳುವುದು ಎಲ್ಲ ಕಾಲದಲ್ಲೂ ಸುಲಭ. ನಾವೂ ಅದರಲ್ಲಿ ಹಿಂದೆ ಬಿದ್ದವರಲ್ಲ. ಬದುಕಿದ್ದಾಗ ಔಷಧಿಯ ಚೀಟಿಯನ್ನು ತಿರುಗಿಯೂ ನೋಡದ ಮಗ, ತಂದೆ ತೀರಿಕೊಂಡ ಮೇಲೆ ಊರಿಗೆಲ್ಲ ಊಟ ಹಾಕಿಸುತ್ತಾನೆ. ಮಣಲೇರನ ದೊಡ್ಡತನ ಇದಕ್ಕೂ ಮೊದಲೇ ಪ್ರಕಟವಾಗಿತ್ತು. ಏನನ್ನಾದರೂ ಬೇಡಬಹುದಾಗಿದ್ದ ಗಳಿಗೆಯಲ್ಲಿ ಅವನು ಇನ್ನೂ ಜೀವಂತವಾಗಿದ್ದ ಒಂದು ಪ್ರಾಣಿಯ ಬೆಲೆಯನ್ನು ಅರಿತಿದ್ದ.

ಆಲೋಚಿಸಿರಿ: ನಮ್ಮ ಸುಖದ ಹಿಂದೆ ದುಡಿಯುವವರೆಷ್ಟು ಮಂದಿ! ಬೆಳಗಿನ ಜಾವ ಬೀದಿ ಗುಡಿಸುವವಳು, ಮನೆಯ ಪಾತ್ರೆ ತೊಳೆಯುವವಳು, ಅಂಗಡಿಯಲ್ಲಿ ಮೂಟೆ ಹೊರುವ ಹುಡುಗ, ಕೆಮ್ಮುತ್ತಾ ಮೂಲೆಯಲ್ಲಿ ಕುಳಿತ ವೃದ್ಧ ತಾಯಿ. ಇವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬುದು ಪ್ರವಾದಿ(ಸ)ರ ಬೋಧನೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಜನರು ಈ ನಾಡಿನಲ್ಲಿದ್ದರು. ಕೂಲಿಯವನ ಹೆಸರು ಕೇಳುವಷ್ಟಾದರೂ ವ್ಯವಧಾನ ನಮಗೆ ಬೇಡವೇ?

ಮಕ್ಕಳಿಗೆ ಆ ಕಥೆ ಹೇಳಿರಿ. ನೀವು ಏನು ಬೇಡುತ್ತಿದ್ದಿರಿ ಎಂದು ಅವರು ಕೇಳಿದರೆ, ಉತ್ತರಿಸುವ ಮೊದಲು ತುಸು ಯೋಚಿಸಿರಿ.